ಮೂವತ್ತೆಂಟು ಲೆನ್ಸಿನ ಸಾರ್

ನಿಮಗೆ ಯಾರಿಗಾದರೂ ಹೀಗೆ ಆಗಿದೆಯಾ, ಹೇಳಿ. ನಿಮ್ಮದಲ್ಲದ ಒಂದು ವಸ್ತು ನಿಮ್ಮ ಹೆಸರಿಗೆ ಅಂಟಿಕೊಂಡಿದೆ. ಬಿಸಾಕುವ ಹಾಗಿಲ್ಲ, ಬಳಸುವ ಹಾಗಿಲ್ಲ. ಯಾರಿಗಾದರೂ ಒಪ್ಪಿಸೋಣ ಅಂದರೆ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ನೀವು ಊರು ಬಿಟ್ಟರೆ ಅದೂ ನಿಮ್ಮ ಜೊತೆ ಬಸ್ ಹತ್ತುತ್ತದೆ. ಆಗಿದ್ದರೆ ಇದನ್ನು ನಿಮ್ಮದೇ ಕಥೆ ಅಂದುಕೊಂಡು ಓದಿ. ಆಗಿಲ್ಲದಿದ್ದರೂ ಓದಿ, ಫೋನು ಹೇಗೂ ಕೈಯಲ್ಲೇ ಇದೆಯಲ್ಲ.

ಹೋದ ವಾರ ಬೆಳಿಗ್ಗೆ ಅಂಗಡಿ ಷಟರ್ ಎತ್ತುತ್ತಿದ್ದೆ. ಅಜ್ಜಂಪುರದಿಂದ ಒಂದು ಕಾಲ್ ಬಂತು.

"ಅಕ್ಕಾ, ಸಾರ್ ಹೋಗ್ಬಿಟ್ರು ಕಣಕ್ಕಾ."

"ಯಾವ ಸಾರೇ?"

"ಲೆನ್ಸ್ ಸಾರ್."

ಷಟರ್ ಅರ್ಧಕ್ಕೇ ನಿಂತಿತು. ಅದರ ಕೆಳಗೇ ಬಗ್ಗಿಕೊಂಡು ಒಳಗೆ ಹೋಗಿ ಕೂತೆ.

ಅವರ ಹೆಸರು ಹೇಳುವುದಿಲ್ಲ. ಯಾವ ಕಚೇರಿ ಅಂತಲೂ ಹೇಳುವುದಿಲ್ಲ. ಅಲ್ಲಿಯವರು ಈಗಲೂ ಪಾಸ್‌ಪೋರ್ಟ್ ಸೈಜ್ ಫೋಟೋಗೆ ನನ್ನ ಹತ್ತಿರವೇ ಬರುತ್ತಾರೆ, ನನಗೆ ವ್ಯಾಪಾರ ಬೇಕು. ತಾಲ್ಲೂಕು ಮಟ್ಟದ ಒಂದು ಕಚೇರಿ ಅಂದುಕೊಳ್ಳಿ. ಅದರಲ್ಲಿ ಒಬ್ಬ ಗುಮಾಸ್ತರು. ಸಿಂಗಟಗೆರೆ ಕಡೆಯವರು, ಒಂದಿಷ್ಟು ತೆಂಗಿನ ಗಿಡ ಇತ್ತು, ದಿನಾ ಬಸ್ಸಿನಲ್ಲಿ ಓಡಾಡುವವರು. ನನ್ನದು ಕಡೂರಿನಲ್ಲಿ ಸ್ಟುಡಿಯೋ, ಅಪ್ಪ ಶುರು ಮಾಡಿದ್ದು. ಈಗ ಫೋಟೋಗಿಂತ ಜೆರಾಕ್ಸೇ ಜಾಸ್ತಿ.

ಅವರನ್ನು ನೆನೆಸಿಕೊಂಡರೆ ಮೊದಲು ಕಣ್ಣಿಗೆ ಬರುವುದು ಊದುವುದು. ಯಾವ ಕಾಗದಕ್ಕೆ ಸಹಿ ಹಾಕಿದರೂ ಉಫ್ ಅಂತ ಒಂದು ಸಲ ಊದುತ್ತಿದ್ದರು. ಶಾಯಿ ಪೆನ್ನಿನ ಕಾಲದ ಅಭ್ಯಾಸ, ಬಾಲ್ ಪೆನ್ ಬಂದಮೇಲೂ ಬಿಡಲಿಲ್ಲ. ಎರಡನೆಯದು ಅವರ ಎಂಟು. ಎಂಟನ್ನು ಒಂದೇ ಗೆರೆಯಲ್ಲಿ ಸುತ್ತಿ ಬರೆಯುತ್ತಿರಲಿಲ್ಲ. ಒಂದು ಸೊನ್ನೆ, ಅದರ ಕೆಳಗೆ ಇನ್ನೊಂದು ಸೊನ್ನೆ, ನಡುವೆ ಕೂದಲೆಳೆಯಷ್ಟು ಸಂದು. ಅವರ ಫೋನ್ ನಂಬರಿನಲ್ಲಿ ಮೂರು ಎಂಟು. ಚೀಟಿ ನೋಡಿ ನಾನು ಎಷ್ಟು ಸಲ ಯಾರ ಯಾರಿಗೋ ಫೋನ್ ಮಾಡಿ ಬೈಸಿಕೊಂಡಿದ್ದೇನೋ!

ಮೂರನೆಯದು 'ನಮೂದು' ಅನ್ನುವ ಮಾತು. ಕಾಫಿ ತರಿಸಿದರೆ "ಸಕ್ಕರೆ ಕಮ್ಮಿ ಅಂತ ನಮೂದು ಮಾಡ್ಸಮ್ಮ" ಅನ್ನುವರು. ಅಂಗಡಿ ಮುಂದೆ ಮಳೆ ಹನಿ ಬಿದ್ದರೆ "ಹಾಂ, ಇವತ್ತು ನಮೂದಾಯ್ತು" ಅನ್ನುವರು. ಬರೆದದ್ದು ಇದೆ, ಬರೆಯದ್ದು ಇಲ್ಲ. ಅವರ ಪ್ರಪಂಚ ಅಷ್ಟೇ.

ಡಿಜಿಟಲ್ ಎಸ್ಸೆಲ್ಲಾರ್ ಕ್ಯಾಮರಾಗಳು ನಮ್ಮ ಕಡೆ ಆಗ ತಾನೇ ಬರುತ್ತಿದ್ದವು. ಲೆನ್ಸ್ ಬಿಚ್ಚಿ ಬೇರೆ ಹಾಕಬಹುದಾದ, ಕಿಂಡಿಗೆ ಕಣ್ಣಿಟ್ಟು ನೋಡುವ ಜಾತಿ. ಅವರ ಕಚೇರಿಗೆ ಸ್ಥಳ ತನಿಖೆಯ ಫೋಟೋ ತೆಗೆಯಲು ಒಂದು ಬೇಕಾಯಿತು. ಮಾರುವವರು ಒಂದನ್ನು ವಾರದ ಮಟ್ಟಿಗೆ ಬಿಟ್ಟುಹೋದರು. ಅದನ್ನು ಪರೀಕ್ಷೆ ಮಾಡಿ ವರದಿ ಕೊಡುವ ಕೆಲಸ ಇವರ ತಲೆಗೆ ಬಂತು. ಇವರ ಮನೆಯಲ್ಲಿ ಹಳೆಯ ರೀಲ್ ಕ್ಯಾಮರಾ ಒಂದಿತ್ತು, ಅದೇ ಅರ್ಹತೆ. "ನಮ್ಮ ಆಫೀಸಿನ ಕ್ಯಾಮರಾ ಎಕ್ಸ್‌ಪರ್ಟು" ಅಂತ ಸಾಹೇಬರು ಎಲ್ಲರ ಮುಂದೆ ಹೇಳಿಬಿಟ್ಟರಂತೆ. ಎಕ್ಸ್‌ಪರ್ಟು ಸೀದಾ ನಮ್ಮ ಸ್ಟುಡಿಯೋಗೆ ಬಂದರು.

ಚೀಲದಿಂದ ತೆಗೆದು ಅಂಗೈ ಮೇಲೆ ಇಟ್ಟುಕೊಂಡು, "ಇದೇನಮ್ಮಾ, ಬೆಲ್ಲದಚ್ಚು ಇದ್ದಂಗೈತೆ" ಅಂದರು. ನಿಜ, ಆ ಜಾತಿಯಲ್ಲಿ ಅದು ಗಿಡ್ಡ ಮೈಯದು. ಹಿಡಿದರೆ ಕಿರುಬೆರಳಿಗೆ ಜಾಗ ಇಲ್ಲ, ಗಾಳಿಯಲ್ಲಿ ಆಡುತ್ತದೆ. ಸಣ್ಣ ಕ್ಯಾಮರಾ ಹಿಡಿದ ಹಾಗೆ ಕೈ ಚಾಚಿ ಹಿಂದಿನ ಪರದೆ ನೋಡಿದರು. ಪರದೆ ಕಪ್ಪಗೆ ಕೂತಿತ್ತು.

"ಸತ್ತೋಗೈತೆ ಕಣಮ್ಮ."

"ಸತ್ತಿಲ್ಲ ಸಾರ್. ಇದ್ರಲ್ಲಿ ಮೊದ್ಲೇ ಕಾಣಲ್ಲ. ಕಿಂಡೀಲಿ ನೋಡಿ ಒತ್ಬೇಕು, ಒತ್ತಿದ್ಮೇಲೆ ಪರದೆ ಮೇಲೆ ಬರೋದು."

"ಅಂದ್ರೆ ಮಾಡಿದ್ಮೇಲೇ ಗೊತ್ತಾಗೋದು ಏನ್ ಮಾಡಿದ್ವಿ ಅಂತ?"

"ಹೂಂ ಸಾರ್."

"ನಮ್ ಆಫೀಸಿಗೆ ಸರಿಯಾಗೈತೆ ಬಿಡು."

ಆ ವಾರ ಅವರ ಜೊತೆ ನಾನೂ ಓಡಾಡಿದೆ. ಎಮ್ಮೆದೊಡ್ಡಿ ಕಾವಲಿಗೆ ಹೋಗಿ ಮೇಯುವ ಅಮೃತ ಮಹಲ್ ದನಗಳ ಫೋಟೋ ತೆಗೆದೆವು. ಲೆನ್ಸು ಟರ್ ಟರ್ ಅಂತ ಹಿಂದಕ್ಕೂ ಮುಂದಕ್ಕೂ ತಡಕಾಡಿ ಕ್ಲಿಕ್ ಅನ್ನುವ ಹೊತ್ತಿಗೆ ಹೋರಿ ತಿರುಗಿ ಹೊರಟಿರುತ್ತಿತ್ತು. ಹದಿನಾರು ಫೋಟೋದಲ್ಲಿ ಹದಿನಾರೂ ಬಾಲ. ಸಂಜೆ ಸ್ಟುಡಿಯೋದ ಕಂಪ್ಯೂಟರಿನಲ್ಲಿ ನೋಡಿ ಅಪ್ಪ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಇವರು ನಗದೆ ಬರೆದುಕೊಂಡರು. ಆ ವರದಿಯ ಜೆರಾಕ್ಸ್ ಇನ್ನೂ ನನ್ನ ಹತ್ತಿರ ಇದೆ: "ಚಲಿಸುವ ಜಾನುವಾರುಗಳ ವಿಷಯದಲ್ಲಿ ಹಿಂಭಾಗ ಮಾತ್ರ ದೊರೆಯುತ್ತದೆ. ಮಸುಕು ಬೆಳಕಿನಲ್ಲಿ ಚಿತ್ರದ ಮೇಲೆ ರಾಗಿ ಚೆಲ್ಲಿದಂತೆ ಕಾಣುತ್ತದೆ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ನಡೆಯುತ್ತದೆ. ಸದರಿ ಸೆಲ್‌ಗಳು ಯಗಟಿಯ ಅಂಗಡಿಯಲ್ಲೂ ದೊರೆಯುವುದರಿಂದ ಶಿಫಾರಸು ಮಾಡಲಾಗಿದೆ." ನಾನು ಎಷ್ಟೋ ಕ್ಯಾಮರಾ ವಿಮರ್ಶೆ ಓದಿದ್ದೇನೆ, ವಿಡಿಯೋ ನೋಡಿದ್ದೇನೆ. ಇಷ್ಟು ಸರಿಯಾಗಿ ಬರೆದದ್ದನ್ನು ಕಂಡಿಲ್ಲ.

ಆ ವಾರದ ಇನ್ನೊಂದು ಮಾತು ಹೇಳಬೇಕು. ಅಪ್ಪ ಲೆನ್ಸನ್ನು ಬೆಳಕಿಗೆ ಹಿಡಿದು ತೋರಿಸುತ್ತ, "ನೋಡಿ ಸ್ವಾಮಿ, ಹೊರಗೆ ಕಾಣೋದು ಒಂದೇ ಗಾಜು. ಒಳಗೆ ಒಂದ್ರ ಹಿಂದೆ ಒಂದು ಲೆನ್ಸ್ ಜೋಡ್ಸಿರ್ತಾರೆ, ಸುಮಾರ್ ಅವೆ" ಅಂದರು. ಇವರು ಹೌದೌದು ಅಂತ ತಲೆಯಾಡಿಸಿದರು. ಗೊತ್ತಿದ್ದವರ ಹಾಗೆ.

ಕ್ಯಾಮರಾ ಕೊಂಡರು. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಅವರಿಗೆ ತರೀಕೆರೆಗೆ ವರ್ಗ ಆಯಿತು. ಹೋಗುವ ಮುಂಚೆ ತಮ್ಮ ವಶದಲ್ಲಿದ್ದ ಸಾಮಾನನ್ನೆಲ್ಲ ದಾಸ್ತಾನು ಪುಸ್ತಕದ ಪ್ರಕಾರ ಎಣಿಸಿ, ಬರುವವರಿಗೆ ಒಪ್ಪಿಸಿ ಸಹಿ ಹಾಕಿಸಿಕೊಳ್ಳಬೇಕು. ಕುರ್ಚಿ ಆಯಿತು, ಬೀರು ಆಯಿತು, ಗೋಡೆ ಗಡಿಯಾರ ಆಯಿತು. ಅದೇ ದಿನ ಮಧ್ಯಾಹ್ನ ಕ್ಯಾಮರಾ ಚೀಲ ಎದೆಗೆ ಅವುಚಿಕೊಂಡು ನನ್ನ ಅಂಗಡಿಗೆ ಬಂದರು. ಅಂಗಡಿ ತುಂಬ ಜನ. ಸ್ಕಾಲರ್‌ಶಿಪ್ ಅರ್ಜಿಯ ಕಾಲ.

"ಏನಮ್ಮಾ, ಈ ಲೆನ್ಸ್ ಬಿಚ್ಚಿ ಒಳಗಿರೋದೆಲ್ಲ ಎಣಿಸ್ಕೊಡು. ಮೂವತ್ತೆಂಟು ಐತೆ ಅಂತ ಬರ್ದು ಸೀಲ್ ಹಾಕು."

"ಮೂವತ್ತೆಂಟು ಏನ್ ಸಾರ್?"

"ಲೆನ್ಸು. ಬರೋ ಗುಮಾಸ್ತ ತಕರಾರು ತೆಗ್ದವ್ನೆ. ಪುಸ್ತಕದಲ್ಲಿ ಮೂವತ್ತೆಂಟು ಐತೆ, ತೋರ್ಸು ಅಂತಾನೆ. ಒಳಗವೆ ಅಂದ್ರೆ ನಂಬಲ್ಲ."

ನನಗೆ ಅರ್ಥ ಆಗಲು ಎರಡು ನಿಮಿಷ ಹಿಡಿಯಿತು. ಬಿಲ್ಲಿನಲ್ಲಿ 'ಲೆನ್ಸ್ 18-55' ಅಂತ ಇತ್ತು. ಆ ಲೆನ್ಸಿನ ಮೇಲೂ ಹಾಗೇ ಬರೆದಿರುತ್ತದೆ: ಎಷ್ಟು ಅಗಲದಿಂದ ಎಷ್ಟು ಹತ್ತಿರಕ್ಕೆ ತೋರಿಸುತ್ತದೆ ಅನ್ನುವ ಮಿಲಿಮೀಟರ್ ಲೆಕ್ಕ. ಆದರೆ ಕಚೇರಿಯಲ್ಲಿ ಕುರ್ಚಿ 1-12 ಅಂದರೆ ಒಂದನೇ ನಂಬರಿನಿಂದ ಹನ್ನೆರಡನೇ ನಂಬರಿನವರೆಗೆ ಬಣ್ಣದಲ್ಲಿ ಬರೆದ ಹನ್ನೆರಡು ಕುರ್ಚಿ. ಹಾಗೆಯೇ ಲೆನ್ಸ್ 18-55 ಅಂದರೆ ಹದಿನೆಂಟನೇ ನಂಬರಿನಿಂದ ಐವತ್ತೈದನೇ ನಂಬರಿನವರೆಗೆ, ಒಟ್ಟು ಮೂವತ್ತೆಂಟು ಲೆನ್ಸು. ಪುಸ್ತಕದಲ್ಲಿ ಹಾಗೆ ಹತ್ತಿತ್ತು. ಸಾಹೇಬರ ಸಹಿ ಕೂಡ ಬಿದ್ದಿತ್ತು.

ನಾನು ನಕ್ಕೆ. ಸುಮ್ಮನೆ ನಗಲಿಲ್ಲ, ಕೌಂಟರ್ ಬಡಿದು ನಕ್ಕೆ. ನಿಮಗೆ ನನ್ನ ಬಾಯಿ ಗೊತ್ತಲ್ಲ. ನಿಂತಿದ್ದ ಜನಕ್ಕೆಲ್ಲ ಬಿಡಿಸಿ ಹೇಳಿದೆ. ಅವರೂ ನಕ್ಕರು. "ಅಯ್ಯೋ, ಯಾವ ದಡ್ಡ ಶಿಖಾಮಣಿ ಸಾರ್ ಇದನ್ನ ಬರ್ದಿದ್ದು? ಅವನ್ನ ಕರ್ಕೊಂಡ್ಬನ್ನಿ, ಫ್ರೇಮ್ ಹಾಕಿ ಗೋಡೆಗೆ ತೂಗಾಕ್ತೀನಿ!"

ಅವರ ಕೈ ಚೀಲದ ಪಟ್ಟಿಯ ಮೇಲಿತ್ತು. ಪಟ್ಟಿಯನ್ನು ಹೆಬ್ಬೆರಳಿನಿಂದ ಸವರುತ್ತ ನಿಂತರು. ಆಮೇಲೆ ಮೆಲ್ಲಗೆ, "ಸ್ಟೋರ್ ನೋಡ್ಕಳ್ತಿದ್ನಲ್ಲ, ಅವ್ನು. ಪಾಪ, ಈಗಿಲ್ಲ" ಅಂದರು.

"ಹೋಗ್ಲಿ ಬಿಡಿ. ಹೀಗಾಗಿದೆ ಅಂತ ಸಾಹೇಬ್ರಿಗೆ ಹೇಳಿ, ತಿದ್ತಾರೆ."

"ಹೇಳ್ತೀನಿ" ಅಂದರು.

ಹೇಳಿದರು ಕೂಡ. ಸ್ಟುಡಿಯೋದವಳು ಹೀಗಂದಳು, ಲೆನ್ಸ್ ಒಂದೇ, ಬರೆದವನು ತಪ್ಪಾಗಿ ಬರೆದಿದ್ದಾನೆ ಅಂತ. ಸಾಹೇಬರು ಒಪ್ಪಿದರು. ಆದರೆ ಪುಸ್ತಕ ತಿದ್ದಬೇಕಾದರೆ ಬರೆದವನು ವಿವರಣೆ ಕೊಡಬೇಕು. ಬರೆದವನು ಎಲ್ಲಿ? ತೀರಿಕೊಂಡಿದ್ದಾನೆ. ಸತ್ತವನ ಹತ್ತಿರ ವಿವರಣೆ ತಗೊಳ್ಳುವುದು ಹೇಗೆ? ಮೇಲಕ್ಕೆ ಬರೆಯಿರಿ. ಮೇಲಿನಿಂದ ಉತ್ತರ ಬಂತು: ಮೂಲ ನಮೂದು ಮಾಡಿದವರ ವಿವರಣೆ ಲಗತ್ತಿಸಿ ಸಲ್ಲಿಸುವುದು. ಮತ್ತೆ ಬರೆದರು. ಮತ್ತೆ ಅದೇ ಬಂತು.

ಹೊಸ ಗುಮಾಸ್ತ ಮುಟ್ಟಲಿಲ್ಲ. ಇವರನ್ನು ಬಿಡುಗಡೆ ಮಾಡದೆ ಇರುವ ಹಾಗೂ ಇಲ್ಲ, ತರೀಕೆರೆಯಲ್ಲಿ ಕಾಯುತ್ತಿದ್ದಾರೆ. ಕೊನೆಗೆ ಒಂದು ಆದೇಶ ಆಯಿತು: ಸದರಿ ಕ್ಯಾಮರಾ ತಾತ್ಕಾಲಿಕವಾಗಿ ಸದರಿ ನೌಕರರ ವಶದಲ್ಲಿಯೇ ಇರತಕ್ಕದ್ದು. ಅಷ್ಟೇ ಅಲ್ಲ, ಬೇರೆ ಸಾಮಾನೆಲ್ಲ ಹೊಸ ಪುಸ್ತಕಕ್ಕೆ ಏರಿಸಿ, ಆ ಹಳೆಯ ದಾಸ್ತಾನು ಪುಸ್ತಕವನ್ನೂ ಇವರ ಕೈಗೇ ಕೊಟ್ಟರು. "ಬಾಕಿ ಇರೋ ಪುಸ್ತಕ ನಮಗೆ ಬ್ಯಾಡಪ್ಪಾ, ನೀವೇ ತಗೊಂಡೋಗಿ."

ತಾತ್ಕಾಲಿಕ ಅನ್ನುವ ಮಾತಿಗೆ ಎಷ್ಟು ವರ್ಷ ಅಂತ ನಮಗೆಲ್ಲ ಗೊತ್ತಿದೆ.

ತರೀಕೆರೆಯಲ್ಲಿ ಅವರಿಗೆ ಹೆಸರೇ ಮೂವತ್ತೆಂಟು ಲೆನ್ಸ್ ಸಾರ್ ಅಂತ ಬಿತ್ತು. ಅಲ್ಲಿನ ಕಚೇರಿಗೆ ಆ ಕ್ಯಾಮರಾ ಬೇಕಿರಲಿಲ್ಲ, ಅವರದೇ ಒಂದಿತ್ತು. ಬೀರುವಿನಲ್ಲಿ ಇಡುತ್ತೇನೆ ಅಂದರೆ, ನಮ್ಮ ಪುಸ್ತಕದಲ್ಲಿ ಇಲ್ಲದ್ದನ್ನು ನಮ್ಮ ಬೀರುವಿನಲ್ಲಿ ಇಡಬೇಡಿ ಅಂದರು. ಮನೆಯಲ್ಲಿ ಬಿಟ್ಟು ಬರಲು ಹೆದರಿಕೆ, ಕಳುವಾದರೆ? ಹಾಗಾಗಿ ಅದು ದಿನಾ ಅವರ ಎಡ ಹೆಗಲ ಮೇಲೆ ಸಿಂಗಟಗೆರೆಯಿಂದ ಕಡೂರಿಗೆ, ಕಡೂರಿನಿಂದ ತರೀಕೆರೆಗೆ, ಸಂಜೆ ಹಾಗೇ ವಾಪಸ್ಸು. ಬಸ್ಸಿನಲ್ಲಿ ಸೀಟು ಸಿಕ್ಕರೆ ತೊಡೆಯ ಮೇಲೆ ಕೂಸಿನ ಹಾಗೆ. ಸೀಟು ಸಿಗದಿದ್ದರೆ ಎದೆಗೆ ಒತ್ತಿಕೊಂಡು. "ಏನ್ ಸಾರ್, ಬಸ್ಸಲ್ಲಿ ಯಾರ್ ಫೋಟೋ ತೆಗೀತೀರಾ?" ಅಂತ ಕಂಡಕ್ಟರ್ ಕಿಚಾಯಿಸಿದರೆ, "ನಿಂದೇ ಕಣಪ್ಪ, ಚಿಲ್ಲರೆ ಕೊಡೋವಾಗ ಹೇಳು" ಅನ್ನುವರು.

ಅಪ್ಪಿತಪ್ಪಿಯೂ ಒಂದು ಸ್ವಂತ ಫೋಟೋ ತೆಗೆದವರಲ್ಲ. ಸರ್ಕಾರಿ ಕ್ಯಾಮರಾ. ಮಗಳ ಮದುವೆಗೆ ಫೋಟೋ ತೆಗೆದವಳು ನಾನೇ. ಧಾರೆಯ ಹೊತ್ತಿನಲ್ಲಿ ರೇಷ್ಮೆ ಶಲ್ಯದ ಮೇಲೆ ಕಪ್ಪು ಚೀಲ. ಅವರ ಭಾವಮೈದ ನೆಂಟರಿಗೆಲ್ಲ ಕೇಳುವ ಹಾಗೆ, "ಭಾವಾ, ಫೋಟೋದವ್ರು ಬಂದವ್ರೆ, ನೀವ್ಯಾಕೆ ಡ್ಯೂಟಿ ಮಾಡ್ತೀರಾ?" ಅಂದ. ಮಗಳು ಬಾಸಿಂಗ ಸರಿ ಮಾಡಿಕೊಳ್ಳುತ್ತ ಪಿಸುಗುಟ್ಟಿದಳು: "ಅಪ್ಪಾ, ಇವತ್ತೊಂದಿನ ಅದನ್ನ ಕೆಳಗಿಡಪ್ಪ."

"ಯಾರ್ ನೋಡ್ಕಳ್ತಾರವ್ವಾ?"

ಆ ಮನೆಯಲ್ಲಿ ಅವತ್ತು ನಾನೂರು ಜನ ಇದ್ದರು. ಆಲ್ಬಮ್ಮಿನಲ್ಲಿ ಪಟ್ಟಿ ಕಾಣದ ಹಾಗೆ ಎಷ್ಟು ಫೋಟೋ ಕತ್ತರಿಸಿದರೂ ಮೂರರಲ್ಲಿ ಉಳಿದುಬಿಟ್ಟಿತು.

ತಿಂಗಳಿಗೊಂದು ಸಲ ಮಾತ್ರ ಒಂದು ಫೋಟೋ ತೆಗೆಯುತ್ತಿದ್ದರು. ಸುಸ್ಥಿತಿಯಲ್ಲಿದೆ ಅಂತ ಬರೆಯಬೇಕಲ್ಲ, ಅದಕ್ಕೆ. ಕಚೇರಿಯಲ್ಲಿ ತಮ್ಮ ಕುರ್ಚಿಯಿಂದ ಏಳದೆ, ಪಕ್ಕದ ಕಿಟಕಿಯ ಕಡೆ ತಿರುಗಿಸಿ ಒಂದು ಒತ್ತು. ಮೆಮೊರಿ ಕಾರ್ಡ್ ತಂದು ನನ್ನ ಕಂಪ್ಯೂಟರಿಗೆ ಹಾಕಿಸುವರು. ಎಲ್ಲ ಫೋಟೋದಲ್ಲೂ ಒಂದೇ: ಕಿಟಕಿಯ ಸರಳುಗಳು ಸ್ಪಷ್ಟ, ತುಕ್ಕು ಸಮೇತ. ಆಚೆ ಇರುವ ಬೀದಿ, ಬಸ್ಸು, ಹೂ ಮಾರುವವಳು ಎಲ್ಲ ಮಸುಕು.

"ಸಾರ್, ಆಚೆ ಫೋಕಸ್ ಮಾಡ್ಬಹುದಲ್ಲ?"

"ಇದು ಹತ್ರದ್ದನ್ನೇ ಹಿಡ್ಕಳುತ್ತೆ ಕಣಮ್ಮ. ಬಿಡಲ್ಲ."

ಕೈಯಲ್ಲಿ ತಿರುಗಿಸಿ ಫೋಕಸ್ ಮಾಡುವುದು ಹೇಗೆ ಅಂತ ತೋರಿಸಿಕೊಟ್ಟೆ. ಮುಂದಿನ ತಿಂಗಳೂ ಸರಳೇ ಬಂತು.

ಅಜ್ಜಂಪುರ ಹೊಸ ತಾಲ್ಲೂಕು ಆದಾಗ ಅವರನ್ನು ಅಲ್ಲಿಗೆ ಹಾಕಿದರು. ಕ್ಯಾಮರಾ, ಪುಸ್ತಕ, ಮೇಲಿಂದ ಬಂದ ಪತ್ರಗಳ ದಪ್ಪ ಫೈಲು, ಎಲ್ಲ ಜೊತೆಗೇ. ಅಷ್ಟು ಹೊತ್ತಿಗೆ ನಮ್ಮಪ್ಪ ತೀರಿಕೊಂಡಿದ್ದರು. ಇವರಿಗೆ ರಿಟೈರ್‌ಮೆಂಟಿಗೆ ಮೂರು ತಿಂಗಳು. ರಿಟೈರ್ ಆಗಬೇಕಾದರೆ ಬೇಬಾಕಿ ಪತ್ರ ಬೇಕು, ಇವರ ವಶದಲ್ಲಿ ಸರ್ಕಾರದ್ದು ಏನೂ ಉಳಿದಿಲ್ಲ ಅಂತ. ಅದಿಲ್ಲದೆ ಪೆನ್ಷನ್ ಕಾಗದ ಅಲುಗುವುದಿಲ್ಲ.

ಒಂದು ದಿನ ಬಂದು ಕ್ಯಾಮರಾ ಕೌಂಟರಿನ ಮೇಲಿಟ್ಟರು. "ಇನ್ನೊಂದ್ಸಲ ಪರೀಕ್ಷೆ ಮಾಡಮ್ಮ. ಕೆಟ್ಟೋಗೈತೆ ಅಂತಾದ್ರೆ ಪರಿಕರ ಸಮೇತ ಗುಜರಿಗೆ ಹಾಕ್ಬೌದಂತೆ. ಮೂವತ್ತೆಂಟೂ ಹೋಗ್ತವೆ."

ಮಾಡಿದೆ. ಹಿಡಿಯ ರಬ್ಬರ್ ಎದ್ದು ಅಂಟಂಟು ಆಗಿತ್ತು. ಸೆಲ್ಲಿನ ಬಾಗಿಲು ನಿಲ್ಲದೆ ರಬ್ಬರ್ ಬ್ಯಾಂಡ್ ಸುತ್ತಿದ್ದರು. ಪ್ರತಿ ಫೋಟೋದ ಎಡ ಮೂಲೆಯಲ್ಲಿ ಒಂದೇ ಜಾಗದಲ್ಲಿ ಧೂಳಿನ ಚುಕ್ಕಿ. ಆದರೆ ಒತ್ತಿದರೆ ಕ್ಲಿಕ್ ಅನ್ನುತ್ತಿತ್ತು. ಬಣ್ಣ ಮೊದಲ ದಿನದಷ್ಟೇ ಚೆಂದ. ಈಗಿನ ಫೋನುಗಳಲ್ಲಿ ಬರುವ ಹಾಗೆ ಮುಖಕ್ಕೆ ಸುಣ್ಣ ಬಳಿಯುವುದಿಲ್ಲ.

"ಬರೀತೀನಿ ಬಿಡಿ ಸಾರ್, ಸತ್ತಿದೆ ಅಂತ. ಸೀಲ್ ಹಾಕ್ತೀನಿ."

"ಕೆಲ್ಸ ಮಾಡ್ತೈತಲ್ಲಮ್ಮ."

"ಮಾಡಿದ್ರೆ ಏನೀಗ? ನೀವು ಮನೆಗೆ ಹೋಗ್ಬೇಕೋ ಬ್ಯಾಡ್ವೋ?"

"ಬ್ಯಾಡಮ್ಮ. ಬದ್ಕಿರೋದ್ನ ಸತ್ತೋಗೈತೆ ಅಂತ ಬರೀಬಾರ್ದು" ಅಂದರು. ಆಗ ನನಗೆ ಅದೇನು ಅಂತ ಹೊಳೆಯಲಿಲ್ಲ. ಕ್ಯಾಮರಾ ವಿಷಯ ಅಂದುಕೊಂಡೆ.

ಆಗ ನನ್ನ ತಲೆಗೆ ಒಂದು ಐಡಿಯಾ ಬಂತು. ಪುಸ್ತಕದಲ್ಲಿ ಏನಿದೆ? ಲೆನ್ಸ್, ಮೂವತ್ತೆಂಟು. ಯಾವ ಲೆನ್ಸ್ ಅಂತ ಇದೆಯಾ? ಇಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಸ್ಟುಡಿಯೋದವರೆಲ್ಲ ನನಗೆ ಗೊತ್ತಿದ್ದವರು. ಎಲ್ಲರ ಅಟ್ಟದಲ್ಲೂ ಸತ್ತ ಕ್ಯಾಮರಾ ಬಿದ್ದಿವೆ. ಕ್ಯಾಮರಾದಲ್ಲಿರುವುದು ಒಂದು, ಇನ್ನು ಮೂವತ್ತೇಳು ಬೇಕು. ಫೋನ್ ಮೇಲೆ ಫೋನ್ ಮಾಡಿದೆ. "ಮೂವತ್ತೆಂಟು ಲೆನ್ಸ್ ಸಾರ್‌ಗಾ? ತಗೊಳಕ್ಕಾ" ಅಂತ ಒಬ್ಬೊಬ್ಬರೂ ಕೊಟ್ಟರು. ಬೂಸ್ಟು ಬಂದ ಲೆನ್ಸು, ಒಡೆದ ಲೆನ್ಸು, ಪ್ರಿಂಟ್ ಹಾಕುತ್ತಿದ್ದ ಎನ್‌ಲಾರ್ಜರಿನ ಲೆನ್ಸು. ತರೀಕೆರೆಯವನೊಬ್ಬ ತನ್ನ ತಾತನ ಭೂತಗನ್ನಡಿಯನ್ನೂ ಹಾಕಿದ್ದ. ಎರಡು ಕಮ್ಮಿ ಬಿದ್ದವು. ನನ್ನ ಹಳೆಯ ಕನ್ನಡಕ ಮುರಿದೆ.

ಇವರು ಒಪ್ಪುತ್ತಾರೋ ಇಲ್ಲವೋ ಅಂತ ಅನುಮಾನ ಇತ್ತು. ಅಕ್ಕಿ ಚೀಲದೊಳಗೆ ಇಣುಕಿ ನೋಡಿದರು. "ಲೆನ್ಸ್ ಅಂದ್ರೆ ಲೆನ್ಸೇ ತಾನೇ?" ಅಂತ ತಮಗೆ ತಾವೇ ಕೇಳಿಕೊಂಡರು. "ಹೂಂ ಸಾರ್, ನಮೂದಿನ ಪ್ರಕಾರ ಸರಿ" ಅಂದೆ. ನಮೂದು ಅಂದದ್ದು ಕೆಲಸ ಮಾಡಿತು.

ಅಜ್ಜಂಪುರದ ಹೊಸ ಕಚೇರಿಯಲ್ಲಿ ಕ್ಯಾಮರಾ ಇರಲಿಲ್ಲ, ಲೆಕ್ಕ ಸರಿ ಇದ್ದರೆ ತಗೊಳ್ಳುತ್ತೇವೆ ಅಂದಿದ್ದರು. ಒಪ್ಪಿಸುವ ದಿನ ಚೀಲ ಹೊತ್ತು ನಾನೂ ಅಲ್ಲಿಗೆ ಹೋದೆ. ಅವರ ಜಾಗಕ್ಕೆ ಬಂದವಳು ಯಗಟಿಯ ಹುಡುಗಿ, ಮೊದಲ ನೌಕರಿ, ಸೇರಿ ನಾಲ್ಕೇ ದಿನ. ಅಲ್ಲಿನ ಸಾಹೇಬರು ಅವಸರದಲ್ಲಿದ್ದರು. ಟೀ ಬಂತು, ಅದರ ಪಕ್ಕದಲ್ಲೇ ಮೇಜಿನ ಮೇಲೆ ಒಂದೊಂದಾಗಿ ಲೆನ್ಸ್ ಇಟ್ಟು ಎಣಿಸಿದೆವು. ಆ ಹುಡುಗಿ ನನ್ನ ಕನ್ನಡಕದ ಗಾಜನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಕೇಳದೆ ಸಾಲಿಗೆ ಇಟ್ಟಳು.

"ಮೂವತ್ತೆಂಟು ಸರಿ ಐತೆ ಸಾರ್" ಅಂದಳು.

"ಸರಿ ಇದ್ರೆ ಸಹಿ ಹಾಕಮ್ಮ. ಇನ್ಮೇಲೆ ಇವೆಲ್ಲ ನಿನ್ನ ವಶ. ಒಂದು ಕಮ್ಮಿ ಆದ್ರೂ ನೀನೇ ಜವಾಬ್ದಾರಿ" ಅಂದರು ಸಾಹೇಬರು.

ಅವಳು ಪುಸ್ತಕ ತನ್ನ ಕಡೆ ತಿರುಗಿಸಿಕೊಂಡಳು. ಇಷ್ಟು ವರ್ಷ ಆ ಪುಸ್ತಕದ ಕಥೆ ಕೇಳಿದ್ದೆ ಹೊರತು ಒಳಗೆ ನೋಡಿರಲಿಲ್ಲ. ಅವಳ ಭುಜದ ಮೇಲಿನಿಂದ ಈಗ ನೋಡಿದೆ. ಲೆನ್ಸ್ 18-55. ಒಟ್ಟು 38. ಹದಿನೆಂಟರ ಎಂಟು: ಒಂದು ಸೊನ್ನೆ, ಕೆಳಗೊಂದು ಸೊನ್ನೆ, ನಡುವೆ ಕೂದಲೆಳೆಯಷ್ಟು ಸಂದು. ಮೂವತ್ತೆಂಟರ ಎಂಟೂ ಹಾಗೇ.

ಅವರದೇ ಕೈ. ದಡ್ಡ ಶಿಖಾಮಣಿ ಅಂದಿದ್ದೆ. ಫ್ರೇಮ್ ಹಾಕಿ ತೂಗಾಕ್ತೀನಿ ಅಂದಿದ್ದೆ. ತುಂಬಿದ ಅಂಗಡಿಯಲ್ಲಿ, ಅವರ ಮುಖ ನೋಡಿಕೊಂಡು.

ತಲೆ ಎತ್ತಿದರೆ ಅವರು ನನ್ನನ್ನು ನೋಡುತ್ತಿರಲಿಲ್ಲ. ಆ ಹುಡುಗಿಯ ಪೆನ್ನನ್ನು ನೋಡುತ್ತಿದ್ದರು. ಅದು ಕಾಗದ ಮುಟ್ಟುವ ಮುಂಚೆ ಅಂಗೈ ಅಡ್ಡ ಇಟ್ಟರು.

"ಬ್ಯಾಡ ಕಣವ್ವಾ. ಹಾಕ್ಬ್ಯಾಡ."

"ಯಾಕ್ ಸಾರ್?"

"ಹಾಕಿದ್ರೆ ಇದು ನಿನ್ನೂ ಬಿಡಲ್ಲ." ಆಮೇಲೆ ಸಾಹೇಬರ ಕಡೆ ತಿರುಗಿದರು. "ಸಾರ್, ಬರ್ದೋನು ಸತ್ತಿಲ್ಲ. ಬದ್ಕವ್ನೆ."

"ಯಾರ್ರೀ?"

"ನಾನೇ ಸಾರ್."

ಅವರು ಮುಂದುವರಿಸಿದರು, ವರದಿ ಒಪ್ಪಿಸುವ ಹಾಗೆ. "ಒಳಗೆ ಜೋಡ್ಸಿರ್ತಾರೆ ಅಂತ ಇವರಪ್ಪ ಹೇಳಿದ್ರು. ಮೂವತ್ತೆಂಟು ಇರ್ಬೌದು ಅನ್ಕಂಡೆ. ಆಗಿನ ಸಾಹೇಬ್ರು ನನ್ನ ಎಕ್ಸ್‌ಪರ್ಟು ಅಂದಿದ್ರು ಸಾರ್, ನಂಗೆ ಗೊತ್ತಿರ್ಲಿಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಪಾಪ ಆ ಸ್ಟೋರ್‌ನೋನು ಈ ಪುಸ್ತಕ ಮುಟ್ಟಿದೋನೇ ಅಲ್ಲ."

ಸಾಹೇಬರು ಬೈಯುತ್ತಾರೆ ಅಂದುಕೊಂಡೆ. ಅವರು ಗಡಿಯಾರ ನೋಡಿದರು. ಒಂದು ಬಿಳಿ ಹಾಳೆ ಮುಂದಕ್ಕೆ ತಳ್ಳಿ, "ಅದನ್ನೇ ಬರ್ದು ಕೊಡ್ರಿ" ಅಂದರು.

ನಾಲ್ಕು ಸಾಲು ಬರೆದರು. ಸಹಿ ಹಾಕಿ ಉಫ್ ಅಂತ ಊದಿದರು. ಸಾಹೇಬರು ಓದಿ, ಪುಸ್ತಕದಲ್ಲಿ 38ರ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ 1 ಅಂತ ಬರೆದು, ಸಣ್ಣ ಸಹಿ ಹಾಕಿದರು. ಹುಡುಗಿ ಕ್ಯಾಮರಾ ಒಂದು, ಲೆನ್ಸ್ ಒಂದು ಅಂತ ಸಹಿ ಹಾಕಿದಳು. ಟೀ ಇನ್ನೂ ಬಿಸಿ ಇತ್ತು.

"ಇಷ್ಟೇನಾ ಸಾರ್?" ಅಂದರು ಅವರು.

"ಇಷ್ಟೇ ಕಣ್ರೀ. ಇನ್ನೇನು?"

ಹೊರಗೆ ಬಂದು ಬಸ್ಸಿಗೆ ನಿಂತೆವು. ಹೆಗಲ ಮೇಲೆ ಚೀಲ ಇರಲಿಲ್ಲ, ಆದರೂ ಎಡ ಹೆಗಲು ಮೇಲೆದ್ದೇ ಇತ್ತು, ಜಾರುತ್ತದೆ ಅಂತ ಎತ್ತಿ ಹಿಡಿದವರ ಹಾಗೆ. ಬಲಗೈ ಎರಡು ಮೂರು ಸಲ ಎದೆಯ ಹತ್ತಿರ ಹೋಗಿ ಪಟ್ಟಿ ಹುಡುಕಿ ವಾಪಸ್ಸು ಬಂತು.

"ಸಾರ್, ಅವತ್ತು ನಾನು ಹಂಗೆ ನಗಬಾರ್ದಾಗಿತ್ತು" ಅಂದೆ ಕೊನೆಗೆ.

"ಎಲ್ರೂ ನಕ್ರು ಬಿಡಮ್ಮ."

"ಮೊದ್ಲು ನಕ್ಕೋಳು ನಾನು."

ಬಸ್ ಬಂತು.

ರಿಟೈರ್ ಆದಮೇಲೂ ಕಡೂರಿಗೆ ಬಂದರೆ ಅಂಗಡಿಗೆ ಬರುತ್ತಿದ್ದರು. ಒಂದು ಸಲ ಆ ಹುಡುಗಿ ಫೋನ್ ಮಾಡಿ, ಹಳೆ ಸಾಮಾನು ಹರಾಜು ಹಾಕುತ್ತಿದ್ದಾರೆ, ಕ್ಯಾಮರಾನೂ ಇದೆ, ಸಾರ್ ತಗೊಳ್ತಾರಾ ಕೇಳಕ್ಕ ಅಂದಳು. ಕೇಳಿದೆ. "ಅಯ್ಯೋ ಬ್ಯಾಡಮ್ಮ. ಇನ್ನೊಂದ್ಸಲ ನನ್ನೆಸರಿಗೆ ಬರೋದ್ ಬ್ಯಾಡ" ಅಂತ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. ನಕ್ಕರು. ನಾನು ಮಾತ್ರ ನಗಲಿಲ್ಲ.

ಅದೇ ಹುಡುಗಿಯೇ ಹೋದ ವಾರ ಫೋನ್ ಮಾಡಿದ್ದು. ಅವಳನ್ನು ಕೇಳಿದೆ: ಅಷ್ಟು ವರ್ಷ, ಮೂರು ಕಚೇರಿ, ಅಷ್ಟು ಸಾಹೇಬರು. ಅದು ಅವರದೇ ಕೈಬರಹ ಅಂತ ಒಬ್ಬರಿಗೂ ಕಾಣಲಿಲ್ಲವೇನೇ?

"ಯಾರೂ ನೋಡ್ಲಿಲ್ಲ ಕಣಕ್ಕಾ," ಅಂದಳು. "ಎಲ್ರೂ ಎಣಿಸ್ತಿದ್ರು."

ಮಣ್ಣಿಗೆ ಹೋಗಿದ್ದೆ. ಮಲಗಿಸಿದ್ದರು. ಎಡ ಹೆಗಲು ಆಗಲೂ ಒಂಚೂರು ಮೇಲೇ ಇತ್ತು. ಅಥವಾ ನನಗೆ ಹಾಗೆ ಕಂಡಿತೋ ಏನೋ.

ಆ ಮೂವತ್ತೇಳು ಲೆನ್ಸು ಅಕ್ಕಿ ಚೀಲದಲ್ಲಿ ನನ್ನ ಕೌಂಟರಿನ ಕೆಳಗೇ ಇವೆ. ಕೊಟ್ಟವರು ಯಾರೂ ವಾಪಸ್ ಕೇಳಲಿಲ್ಲ. ನನಗೂ ಬಿಸಾಕಲು ಆಗುತ್ತಿಲ್ಲ. ಕಾಲಿಗೆ ತಗುಲಿದಾಗೆಲ್ಲ ಕಣಕಣ ಅನ್ನುತ್ತವೆ. ಇಷ್ಟು ದಿನ ಈ ಕಥೆ ಹೇಳುವಾಗೆಲ್ಲ ಕಚೇರಿಯವರನ್ನು ಬೈದುಕೊಂಡು, ನಗಿಸಿಕೊಂಡು ಹೇಳುತ್ತಿದ್ದೆ. ಅಂಗಡಿಯಲ್ಲಿ ಕೌಂಟರ್ ಬಡಿದು ನಕ್ಕ ಭಾಗ ಬಿಟ್ಟುಬಿಡುತ್ತಿದ್ದೆ. ಇವತ್ತು ಬಿಡದೆ ಬರೆದಿದ್ದೇನೆ.

ಈಗ ನಿಮ್ಮ ಸರದಿ. ನೀವು ಹೊತ್ತು ತಿರುಗುತ್ತಿರುವುದು ಏನು? ಅದು ನಿಮ್ಮ ಹೆಸರಿಗೆ ಹೇಗೆ ಬಂತು? ಕೆಳಗೆ ಬರೆಯಿರಿ, ಒಂದೇ ಸಾಲಾದರೂ ಸರಿ. ಯಾರೂ ನಗದ ಹಾಗೆ ನಾನು ನೋಡಿಕೊಳ್ಳುತ್ತೇನೆ. ಮತ್ತೆ, ಆ ತಪ್ಪು ಬರೆದವರು ನೀವೇ ಆಗಿದ್ದರೆ, ಅದನ್ನೂ ಬರೆಯಿರಿ.